ಹೊಸ ಮೋಟಾರು ಸೈಕಲ್ಲೂ ಗೃಹಸ್ಥನ ಲೆಕ್ಕವೂ

ಮನೆಯಲ್ಲಿರುವ ವಸ್ತುವು ಕೆಟ್ಟುಹೋದಾಗ ಹೊಸದನ್ನು ಕೊಳ್ಳುವುದು ಒಂದು ಬಗೆ. ಪೇಟೆಗೆ ಹೊಸದು ಬಂದಿತೆಂದು ಮನೆಯಲ್ಲಿರುವುದನ್ನು ಕೆಟ್ಟುದೆಂದು ಎಣಿಸುವುದು ಇನ್ನೊಂದು ಬಗೆ. ಆಶೆಯೆಲ್ಲವೂ ತ್ಯಾಜ್ಯವೆಂದು ಉಪದೇಶಿಸುವವರು ನಾವಲ್ಲ. ಆದರೆ ಗೃಹಸ್ಥನಾದವನು ಅವಶ್ಯಕತೆಯನ್ನೂ ಆಶೆಯನ್ನೂ ಬೇರೆ ಬೇರೆಯಾಗಿ ತೂಗಿ ನೋಡಿದ ಮೇಲೆಯೇ ಹಣದ ಚೀಲವನ್ನು ಬಿಚ್ಚತಕ್ಕದ್ದು.

ಈ ವಿಷಯವನ್ನು ಬರೆಯಲು ಒಂದು ಕಾರಣ ಒದಗಿತು. ಮಾನ್ವಿಯಲ್ಲಿರುವ ನಮ್ಮ ಬಾಲ್ಯಸ್ನೇಹಿತರ ಮಗನು ಈಚೆಗೆ ರಾಯಚೂರಿನ ನಮ್ಮ ಮನೆಗೆ ಬಂದನು. ಅವನು ದೇವದುರ್ಗದ ಕಡೆ ನಾಲೆಗಳ ಮೇಲ್ವಿಚಾರಣೆಯ ಕೆಲಸದಲ್ಲಿರುವನು. ಆ ತಾಲೂಕಿನ ಹೊಲಗಳಿಗೆ ಕೃಷ್ಣೆಯ ನೀರು ನಾರಾಯಣಪುರ ಬಲದಂಡೆ ನಾಲೆಯಿಂದ ಬರುತ್ತದೆಂಬುದನ್ನು ವಾಚಕರು ಬಲ್ಲರು. ಮಾನ್ವಿಯಿಂದ ಸಿರವಾರದ ಮೇಲೆ ಡಾಂಬರು ದಾರಿಯಲ್ಲಿ ಹೋಗಿಬರುವುದಲ್ಲದೆ, ನಾಲೆಯ ದಂಡೆಯ ಮಣ್ಣುದಾರಿಗಳನ್ನೂ ಅವನು ಸುತ್ತಬೇಕು. ಅದಕ್ಕೆಂದೇ 2019ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಗಾಡಿಯನ್ನು ಕೊಂಡಿದ್ದನು. ಈಗ ಅದನ್ನು ಕೊಟ್ಟು ಹೊಸ ಹಿಮಾಲಯನ್ 450 ತರಬೇಕೆಂಬುದು ಅವನ ಬಯಕೆ, ತಂದೆಗೆ ಒಪ್ಪಿಗೆಯಿಲ್ಲ. ತಂಗಿಯು ರಾಯಚೂರಿನಲ್ಲಿ ಓದುತ್ತಿರುವಳು. ಅವಳ ವಸತಿಗೃಹದ ಖರ್ಚು ಇವನ ಸಂಬಳದಿಂದಲೇ ಸಲ್ಲುತ್ತದೆ.

"ಕಾಕಾ, ಅಪ್ಪಾರು ನಿಮ್ಮ ಮಾತು ಕೇಳ್ತಾರ. ನೀವೇ ಒಂದು ತೀರ್ಮಾನ ಹೇಳ್ರಿ" ಎಂದು ಅವನು ನಮ್ಮ ಮೇಲೆ ಭಾರ ಹೊರಿಸಿದನು.

'ಅಡ್ವೆಂಚರ್' ಎಂದು ಕರೆಯಲ್ಪಡುವ ಈ ಗಾಡಿಗಳನ್ನು ಕಾಣದ ವಾಚಕರಿಗಾಗಿ ಎರಡು ಮಾತು. ಇವು ನೆಲದಿಂದ ಎತ್ತರವಾಗಿ ನಿಲ್ಲುತ್ತವೆ. ಮುಂದಿನ ಗಾಲಿ ದೊಡ್ಡದು. ಕುಲುಕಾಟವನ್ನು ತಡೆಯುವ ಸ್ಪ್ರಿಂಗುಗಳ ಚಲನೆ ಉದ್ದ. ಹಿಮಾಲಯನ್ 2016ರಲ್ಲಿ 411 ಸಿಸಿ ಎಂಜಿನ್ನಿನೊಡನೆ ಹೊರಬಂದಿತು. 2023ರ ನವೆಂಬರಿನಲ್ಲಿ ಅದರ ಸ್ಥಾನಕ್ಕೆ 452 ಸಿಸಿಯ ಹೊಸ ಗಾಡಿ ಬಂದಿತು. ಕೆಟಿಎಂ 390 ಅಡ್ವೆಂಚರ್ ಸಹ 2025ರ ಜನವರಿಯಲ್ಲಿ ಹೊಸ ರೂಪ ತಾಳಿ, 373 ಸಿಸಿಯಿಂದ 399 ಸಿಸಿಗೆ ಏರಿತು. ಅದರ ಮುಂದಿನ ಗಾಲಿಯೂ 19 ಅಂಗುಲದಿಂದ 21 ಅಂಗುಲಕ್ಕೆ ಬೆಳೆಯಿತು.

ದೊಡ್ಡ ಗಾಲಿಯ ಗುಣವನ್ನು ನಮ್ಮ ಸೀಮೆಯ ಬಡಿಗರು ಬಹು ಹಿಂದೆಯೇ ಅರಿತಿದ್ದರು. ಎರೆಭೂಮಿಯ ಆಳವಾದ ಗಾಲಿಜಾಡನ್ನು ದಾಟಲು ಬಂಡಿಗೆ ಎತ್ತರದ ಗಾಲಿಯೇ ಬೇಕು. ಸಣ್ಣ ಗಾಲಿ ತಗ್ಗಿನಲ್ಲಿ ಕೂತುಬಿಡುತ್ತದೆ. ಆದರೆ ನಮ್ಮ ಹುಡುಗನ ಹಳೆಯ ಹಿಮಾಲಯನ್‌ಗೂ ಮುಂದಿನ ಗಾಲಿ 21 ಅಂಗುಲದ್ದೇ. ಈ ವಿಷಯದಲ್ಲಿ ಅವನಿಗೆ ಹೊಸದರಿಂದ ಬರುವ ಲಾಭವಿಲ್ಲ.

ಮಿಕ್ಕ ಲೆಕ್ಕವನ್ನು ನೋಡೋಣ. ಹಳೆಯ ಎಂಜಿನ್ನಿನ ಶಕ್ತಿ ಸುಮಾರು 24 ಕುದುರೆಗಳದು; ಹೊಸದರದು ಸುಮಾರು 40. ಚಕ್ರವನ್ನು ತಿರುಗಿಸುವ ಬಲವು 32 ನ್ಯೂಟನ್ ಮೀಟರಿನಿಂದ 40ಕ್ಕೆ ಏರಿದೆ. ಗೇರುಗಳು ಐದಿದ್ದುದು ಆರಾಗಿವೆ. ಪೆಟ್ರೋಲ್ ಟಾಂಕಿ 15 ಲೀಟರಿನದು 17 ಲೀಟರಿನದಾಗಿದೆ. ಹಾಗಾದರೆ ಹೊಸದೇ ಮೇಲಲ್ಲವೇ ಎಂದು ವಾಚಕರು ಕೇಳಬಹುದು. ನಿಶ್ಚಯವಾಗಿಯೂ ಮೇಲು, ಆದರೆ ಯಾವ ದಾರಿಯಲ್ಲಿ ಎಂಬುದನ್ನು ವಿಚಾರಿಸಬೇಕು. ಹಳೆಯದು ತನ್ನ ಪೂರ್ಣ ಬಲವನ್ನು ನಿಮಿಷಕ್ಕೆ 4,000ದಿಂದ 4,500 ಸುತ್ತುಗಳೊಳಗೇ ಕೊಡುತ್ತದೆ. ಹೊಸದು ಅದನ್ನು ಕೊಡುವುದು 5,500 ಸುತ್ತುಗಳಲ್ಲಿ. ಹೆದ್ದಾರಿಯಲ್ಲಿ ಲಾರಿಯನ್ನು ಹಿಂದೆ ಹಾಕುವಾಗ ಹೊಸ ಎಂಜಿನ್ನು ಸಿಂಹದಂತೆ ನೆಗೆಯುವುದು ಸರಿಯೇ. ನಾಲೆಯ ದಂಡೆಯ ಮೇಲೆ ಮೆಲ್ಲಗೆ ಸಾಗುವವನಿಗೆ ಹಳೆಯದರ ಎತ್ತಿನ ಗುಣವೇ ಸಾಕು.

ಮಾತಿನಿಂದ ತೃಪ್ತರಾಗದೆ ನಾವು ಒಂದು ಭಾನುವಾರ ಅವನ ಹಿಂದಿನ ಆಸನದಲ್ಲಿ ಕುಳಿತು ಗಬ್ಬೂರಿನ ಮೇಲೆ ದೇವದುರ್ಗದವರೆಗೆ ಹೋಗಿಬಂದೆವು. ಕೆಲವೆಡೆ ರೈತರು ಫಸಲನ್ನು ಒಣಗಿಸಲು ರಸ್ತೆಯ ಮೇಲೆಯೇ ಹರವಿದ್ದರು. ಅಂಥಲ್ಲಿ ನಲವತ್ತು ಕುದುರೆಗಳ ಬಲದಿಂದ ಪ್ರಯೋಜನವೇನು? ಕಾಳಿನ ಮೇಲೆ ಜಾರದಂತೆ ವೇಗ ತಗ್ಗಿಸುವ ವಿವೇಕವೊಂದೇ ಅಲ್ಲಿ ಕಾಯುವುದು. ನಾಲೆಯ ದಂಡೆಯ ಮೇಲೆ ಜಾಲಿಮುಳ್ಳು ಟೈರಿಗೆ ಚುಚ್ಚಿತು. ಅದು ಟ್ಯೂಬಿನ ಟೈರು. ಗಾಲಿಯನ್ನು ಬಿಚ್ಚದೆ ಪಂಕ್ಚರ್ ತೆಗೆಯುವಂತಿಲ್ಲ. ಎರಡು ತಾಸು ಬಿಸಿಲಿನಲ್ಲಿ ಕಳೆದೆವು. ಟ್ಯೂಬಿಲ್ಲದ ಟೈರಾಗಿದ್ದರೆ ದಾರಿಯಲ್ಲೇ ತೂತಿಗೆ ಬತ್ತಿ ತುರುಕಿ, ಗಾಳಿ ತುಂಬಿ ಹೊರಡಬಹುದಿತ್ತು. ಹೊಸ ಹಿಮಾಲಯನ್‌ಗೆ ಅಂಥ ಗಾಲಿಗಳು ದೊರೆಯುತ್ತವೆ. ನಮ್ಮ ಮುಳ್ಳಿನ ಸೀಮೆಯಲ್ಲಿ ಕುದುರೆಗಳ ಸಂಖ್ಯೆಗಿಂತಲೂ ಇದೇ ದೊಡ್ಡ ಸೌಕರ್ಯವೆಂದು ನಾವು ಆ ಬಿಸಿಲಿನಲ್ಲಿ ಒಪ್ಪಿಕೊಂಡೆವು.

ಇನ್ನು ಹಣದ ಮಾತು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಮೋಟಾರು ಸೈಕಲ್ಲುಗಳಿಗೆ ಜಿಎಸ್‌ಟಿ ಶೇಕಡಾ 40. ಅದಕ್ಕೆ ಒಳಪಟ್ಟವುಗಳಿಗೆ 28ರಿಂದ 18ಕ್ಕೆ ಇಳಿಯಿತು. ಹೊಸ ಹಿಮಾಲಯನ್ ಮೊದಲನೆಯ ಪಂಕ್ತಿಗೆ ಸೇರಿತು. ಅಂಗಡಿಯ ಬೆಲೆಗೆ ರಸ್ತೆ ತೆರಿಗೆ, ವಿಮೆಗಳನ್ನು ಕೂಡಿಸಿದರೆ ಮೂರೂವರೆ ಲಕ್ಷ ರೂಪಾಯಿಗಳನ್ನು ದಾಟುವುದು. ಹಳೆಯದಕ್ಕೆ ಒಂದು ಲಕ್ಷ ಬಂದೀತೆಂದು ಇಟ್ಟುಕೊಂಡರೂ ಎರಡೂವರೆ ಲಕ್ಷದ ಸಾಲವಂತೂ ತಪ್ಪದು. ಶೇಕಡಾ 10ರ ಬಡ್ಡಿಯಂತೆ 36 ತಿಂಗಳಿಗೆ ಹಂಚಿದರೆ ತಿಂಗಳ ಕಂತು ಸುಮಾರು 8,070 ರೂಪಾಯಿ. ಬಡ್ಡಿಯೇ ಸುಮಾರು 40,000 ರೂಪಾಯಿ. ಈ ಅಂಕಿಗಳನ್ನು ಕಾಗದದ ಮೇಲೆ ಬರೆದು, ಮಗ್ಗುಲಲ್ಲಿ ತಂಗಿಯ ವಸತಿಗೃಹದ ಖರ್ಚನ್ನು ಅವನ ಕೈಯಿಂದಲೇ ಬರೆಯಿಸಿದೆವು. ಹುಡುಗನು ಬಹಳ ಹೊತ್ತು ಮಾತಾಡಲಿಲ್ಲ.

ಮರುವಾರ ಮಾನ್ವಿಗೆ ಹೋದಾಗ ಅವನ ತಾಯಿಯವರನ್ನೂ ಕೇಳಿದೆವು. ಅವರೆಂದರು: "ಗಾಡಿ ಹೊಸದಿರಲಿ, ಹಳೇದಿರಲಿ. ಸಂಜಿಕ ಮಗ ಮನಿಗೆ ಬರಬೇಕು ನೋಡ್ರಿ. ಆದ್ರ ಇನ್ನೂ ಎತ್ತರದ್ದು ತಂದ್ರ ನಾ ಹತ್ತೋದು ಹ್ಯಾಂಗ?" ಹಳೆಯದರ ಸವಾರನ ಆಸನ 800 ಮಿಲಿಮೀಟರ್ ಎತ್ತರದಲ್ಲಿದ್ದರೆ ಹೊಸದರದು 825. ಸೀರೆಯುಟ್ಟು ಹಿಂದೆ ಕೂಡುವವರ ಕಷ್ಟವನ್ನು ಕೊಳ್ಳುವ ಮೊದಲು ಎಷ್ಟು ಮನೆಗಳಲ್ಲಿ ಕೇಳುತ್ತಾರೆ?

ಆ ತಾಯಿಯ ಮೊದಲನೆಯ ಮಾತಿನಿಂದ ನಮಗೆ ಒಂದು ನಿಯಮ ದೊರೆಯಿತು. ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಗಾಲಿ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಏರ್ಪಾಡು, 2019ರ ಏಪ್ರಿಲಿನಿಂದ 125 ಸಿಸಿ ಮೀರಿದ ಎಲ್ಲ ಹೊಸ ಗಾಡಿಗಳಿಗೂ ಕಡ್ಡಾಯವಾಯಿತು. ಅದಿಲ್ಲದ ಗಾಡಿಯಲ್ಲಿ ನಿತ್ಯವೂ ಹೆದ್ದಾರಿಯಲ್ಲಿ ಓಡಾಡುವವರು ಹೊಸದಕ್ಕೆ ಹೋಗುವುದು ಯುಕ್ತವೇ. ಇದನ್ನು ಆಶೆಯೆಂದು ನಾವು ಹೇಳಲಾರೆವು. ಆದರೆ ಅದಕ್ಕಾಗಿ 40ರ ತೆರಿಗೆಯ ಪಂಕ್ತಿಗೇ ಏರಬೇಕಾಗಿಲ್ಲ. ಹೀರೋ ಎಕ್ಸ್‌ಪಲ್ಸ್ 210, 2025ರಲ್ಲಿ ಬಂದ ಟಿವಿಎಸ್ ಅಪಾಚೆ ಆರ್‌ಟಿಎಕ್ಸ್ 300, 334 ಸಿಸಿಯ ಯೆಜ್ಡಿ ಅಡ್ವೆಂಚರ್ ಇವೆಲ್ಲ 350ರ ಒಳಗಿನವು. ಯೆಜ್ಡಿ ಎಂಬ ಹೆಸರು ಒಂದು ಕಾಲಕ್ಕೆ ನಮ್ಮ ಮೈಸೂರಿನ ಕಾರ್ಖಾನೆಯದೆಂದು ಹಿರಿಯರು ನೆನೆಯಬಹುದು. ಈಗಿನ ಗಾಡಿ ಅಲ್ಲಿ ತಯಾರಾದುದಲ್ಲವಾದ್ದರಿಂದ ಹಳೆಯ ಅಭಿಮಾನವೊಂದನ್ನೇ ನಂಬಿ ಕೊಳ್ಳಬಾರದು.

ನಮ್ಮ ಹುಡುಗನ ಗಾಡಿಗೆ ಎಬಿಎಸ್ ಇದೆ, ಎಂಜಿನ್ನು ಗಟ್ಟಿಯಾಗಿದೆ. ಆದುದರಿಂದ ಈಗ ಬದಲಾಯಿಸಬೇಡವೆಂದೆವು. ಮಿಸ್ತ್ರಿಯು ಎರಡು ಟೈರು, ಚೈನು, ಬ್ರೇಕ್ ಪ್ಯಾಡು, ಬೇರಿಂಗುಗಳ ಪಟ್ಟಿ ಬರೆದುಕೊಟ್ಟನು; ಅದು ನಾಲ್ಕು ತಿಂಗಳ ಕಂತಿನಷ್ಟೂ ಆಗಲಿಲ್ಲ. ಪಟ್ಟಿಯ ಕೊನೆಗೆ ತಾಯಿಗೊಂದು ಹೆಲ್ಮೆಟ್ ಎಂದು ನಾವು ಸೇರಿಸಿದೆವು. ಎಂಜಿನ್ನು ದೊಡ್ಡ ರಿಪೇರಿಗೆ ಬಂದ ದಿನ, ಅಥವಾ ತಂಗಿಯ ಓದು ಮುಗಿದ ದಿನ, ಅವನು ಹೊಸದನ್ನು ಕೊಳ್ಳಲಿ. ಆಗ ಟ್ಯೂಬಿಲ್ಲದ ಗಾಲಿಗಳನ್ನೇ ಕೇಳಿ ಪಡೆಯಲಿ.

ಹುಡುಗನಿಗೆ ಪೂರ್ಣ ಸಮಾಧಾನವಾಯಿತೆಂದು ಹೇಳಲಾರೆವು. ರಾಯಚೂರಿನ ಪೇಟೆಯಲ್ಲಿ ಹೊಸ ಗಾಡಿ ಕಂಡಾಗ ಈಗಲೂ ನಿಂತು ನೋಡುತ್ತಾನೆ. ನೋಡುವುದಕ್ಕೆ ಕಂತಿಲ್ಲವಷ್ಟೆ!