ಶಾಲೆಯಲ್ಲಿ ಮಗುವಿಗೆ ಪೆಟ್ಟಾದರೆ ಖರ್ಚು ಯಾರದು, ಹೊಣೆ ಯಾರದು?

ಕಳೆದ ನವೆಂಬರಿನಲ್ಲಿ ನನ್ನ ತಮ್ಮ ಶಾಲೆಯ ಜಾರುಬಂಡಿಯಿಂದ ಬಿದ್ದು ಕೈ ಮುರಿದುಕೊಂಡ. ನಮ್ಮೂರು ಸವದತ್ತಿ ತಾಲ್ಲೂಕಿನಲ್ಲಿದೆ. ಅವನು ಅಲ್ಲಿಯೇ ನಾಲ್ಕನೇ ತರಗತಿ ಓದುತ್ತಿದ್ದ. ಜಾರುಬಂಡಿಯ ಏಣಿಯಲ್ಲಿ ಒಂದು ಮೆಟ್ಟಿಲು ತುಕ್ಕು ಹಿಡಿದು ಸಡಿಲಾಗಿತ್ತು. ಹುಬ್ಬಳ್ಳಿಗೆ ಕರೆದೊಯ್ದು ತಂತಿ ಹಾಕಿಸಿ ಎಲುಬು ಕೂಡಿಸಬೇಕಾಯಿತು. ಎಲ್ಲ ಸೇರಿ 34 ಸಾವಿರ ರೂಪಾಯಿ ಖರ್ಚಾಯಿತು.

ಮುಖ್ಯ ಗುರುಗಳು ಮನೆಗೆ ಬಂದು ತಮ್ಮ ಕೈಯಿಂದ 2 ಸಾವಿರ ರೂಪಾಯಿ ಕೊಟ್ಟರು. ಅಬ್ಬಾ ವೆಲ್ಡಿಂಗ್ ಕೆಲಸ ಮಾಡುತ್ತಾರೆ. ಮರುದಿನ ತಾವೇ ಮಷಿನ್ ಒಯ್ದು ಆ ಮೆಟ್ಟಿಲನ್ನು ಗಟ್ಟಿ ಮಾಡಿ ಬಂದರು. ಗುರುಗಳ ಮುಂದೆ ಹಣದ ಮಾತು ಬೇಡ, ನಸೀಬಿನಲ್ಲಿತ್ತು, ಆಯಿತು ಎಂದರು. ಅಮ್ಮಿ ತನ್ನ ಬಳೆ ಒತ್ತೆ ಇಟ್ಟಿದ್ದಳು.

ಆದರೆ ಶಾಲೆಯ ಫೀ ರಸೀದಿಯಲ್ಲಿ ‘ವಿಮೆ ರೂ. 40’ ಎಂದು ಬರೆದದ್ದನ್ನು ನಾನು ನೋಡಿದೆ. ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ವಿಮೆಯ ತತ್ವಗಳನ್ನು ಬಾಯಿಪಾಠ ಮಾಡಿದವಳು ನಾನು. ಮನೆಯಲ್ಲೇ ಪ್ರಶ್ನೆ ಎದ್ದಾಗ ಉತ್ತರ ತಿಳಿಯಲಿಲ್ಲ. ನಂತರ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು ಇಷ್ಟು: ಸಹಾಯ ಬೇರೆ, ವಿಮೆ ಬೇರೆ, ಹೊಣೆ ಬೇರೆ. ಮುಖ್ಯ ಗುರುಗಳು ಕೊಟ್ಟ 2 ಸಾವಿರ ಸಹಾಯ. ಅದು ಅವರ ಒಳ್ಳೆಯ ಮನಸ್ಸು, ನಮ್ಮ ಹಕ್ಕಲ್ಲ. ವಿಮೆ ಒಂದು ಕರಾರು. ಯಾರ ತಪ್ಪು ಎಂದು ಕೇಳದೆ, ಪಾಲಿಸಿಯಲ್ಲಿ ಬರೆದದ್ದನ್ನು ಮಾತ್ರ ಕಂಪನಿ ಕೊಡುತ್ತದೆ. ಹೊಣೆ ಎಂದರೆ ಕಾನೂನಿನ ಮಾತು. ಶಾಲೆಯ ನಿರ್ಲಕ್ಷ್ಯದಿಂದ ಪೆಟ್ಟಾಗಿದ್ದರೆ ನಷ್ಟ ತುಂಬಿಕೊಡುವುದು ಶಾಲೆಯ ಕರ್ತವ್ಯವಾಗುತ್ತದೆ. ಶಾಲೆಯಲ್ಲಿ ಬಿದ್ದ ಮಾತ್ರಕ್ಕೆ ಶಾಲೆಯೇ ಹೊಣೆ ಎಂದಲ್ಲ. ಓಡುವ ಮಗು ತಾನಾಗಿ ಎಡವಿ ಬಿದ್ದರೆ ಅದು ಅಪಘಾತ. ತುಕ್ಕು ಹಿಡಿದ ಮೆಟ್ಟಿಲು ತಿಂಗಳುಗಟ್ಟಲೆ ಹಾಗೇ ಇದ್ದರೆ ಅದು ನಿರ್ಲಕ್ಷ್ಯ.

ಶಾಲೆಗಳು ಮಕ್ಕಳಿಗಾಗಿ ಸಾಮಾನ್ಯವಾಗಿ ಮಾಡಿಸುವುದು ಗುಂಪು ವೈಯಕ್ತಿಕ ಅಪಘಾತ ವಿಮೆ. ಅದು ಮುಖ್ಯವಾಗಿ ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಹಣ ಕೊಡುತ್ತದೆ. ಮುರಿದು ಮತ್ತೆ ಕೂಡಿದ ಕೈಗೆ, ‘ವೈದ್ಯಕೀಯ ವೆಚ್ಚ’ ಎಂಬ ಭಾಗವನ್ನು ಸೇರಿಸಿದ್ದರೆ ಮಾತ್ರ ಹಣ ಸಿಗುತ್ತದೆ. ಶಾಲೆಯ ಹೊಣೆಗಾರಿಕೆಗೆ ಬೇರೆಯೇ ಪಾಲಿಸಿ ಬೇಕು. ಪರಿಹಾರ ಕೊಡಬೇಕಾಗಿ ಬಂದಾಗ ಶಾಲೆಯನ್ನು ಕಾಯುವುದು ಅದು.

ಹೊಣೆಯ ವಿಷಯದಲ್ಲಿ ನ್ಯಾಯಾಲಯಗಳು ಸ್ಪಷ್ಟವಾಗಿ ಮಾತನಾಡಿವೆ. 1995ರಲ್ಲಿ ಪಂಜಾಬಿನ ಪಠಾಣ್‌ಕೋಟ್ ಕಡೆಯ ಶಾಲೆಯೊಂದರಿಂದ ಬಿಯಾಸ್ ನದಿಗೆ ಪಿಕ್ನಿಕ್ ಹೋದ 14 ಮಕ್ಕಳು ಮುಳುಗಿ ತೀರಿಕೊಂಡರು. ಜೊತೆಗೆ ಹೋದ ಶಿಕ್ಷಕರ ನಿರ್ಲಕ್ಷ್ಯಕ್ಕೆ ಶಾಲೆಯೂ ಹೊಣೆ ಎಂದು 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪ್ರತಿ ಮಗುವಿಗೆ 5 ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿ ಹಿಡಿಯಿತು. ನೌಕರ ಕೆಲಸದ ಮೇಲಿದ್ದಾಗ ಮಾಡಿದ ತಪ್ಪಿಗೆ ಮಾಲೀಕನೂ ಉತ್ತರ ಕೊಡಬೇಕು ಎಂಬುದೇ ಇಲ್ಲಿನ ನಿಯಮ.

ನಮ್ಮ ರಾಜ್ಯದ್ದೇ ಒಂದು ಪ್ರಕರಣವಿದೆ. 2006ರ ಡಿಸೆಂಬರಿನಲ್ಲಿ ಬೆಂಗಳೂರಿನ ಶಾಲೆಯೊಂದು ಮಕ್ಕಳನ್ನು ಉತ್ತರ ಭಾರತದ ಪ್ರವಾಸಕ್ಕೆ ಕರೆದೊಯ್ದಿತ್ತು. ಒಂಬತ್ತನೇ ತರಗತಿಯ ಒಬ್ಬ ಹುಡುಗಿಗೆ ಜ್ವರ ಬಂದು ಮೆದುಳಿಗೆ ಏರಿತು. ಸಕಾಲಕ್ಕೆ ಚಿಕಿತ್ಸೆ ಸಿಗದೆ ಅವಳು ಹಾಸಿಗೆ ಹಿಡಿದಳು. ರಾಜ್ಯ ಗ್ರಾಹಕರ ಆಯೋಗ ರೂ. 88,73,798 ಪರಿಹಾರ ಕೊಟ್ಟಿತು. ರಾಷ್ಟ್ರೀಯ ಆಯೋಗ ಅದನ್ನು 50 ಲಕ್ಷಕ್ಕೆ ಇಳಿಸಿತು. 2021ರಲ್ಲಿ ಸುಪ್ರೀಂ ಕೋರ್ಟ್ ಮೊದಲಿನ ಮೊತ್ತವನ್ನೇ ಉಳಿಸಿತು. ಘಟನೆ ನಡೆದು ಆಗಲೇ 14 ವರ್ಷ ಕಳೆದಿತ್ತು.

2024ರ ಡಿಸೆಂಬರಿನಲ್ಲಿ ಮುಳಬಾಗಿಲು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯ 4 ಹುಡುಗಿಯರು ಮುರ್ಡೇಶ್ವರದ ಸಮುದ್ರದಲ್ಲಿ ತೀರಿಕೊಂಡಾಗ ಸರ್ಕಾರ ತಲಾ 5 ಲಕ್ಷ ಘೋಷಿಸಿತು. ಅದು ಸರ್ಕಾರದ ಪರಿಹಾರ ಧನ, ವಿಮೆಯಲ್ಲ. ನಾವೂ ಪ್ರತಿ ವರ್ಷ ನವಿಲುತೀರ್ಥ, ಸೊಗಲ, ಮುರ್ಡೇಶ್ವರ ಎಂದು ಪ್ರವಾಸ ಹೋಗುತ್ತೇವೆ. ಎಲ್ಲ ಕಡೆಯೂ ನೀರಿದೆ.

ವಾಹನದ ಮಾತು ಬೇರೆ. ಮೋಟಾರು ವಾಹನ ಕಾಯ್ದೆಯ ಪ್ರಕಾರ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ. ಅಪಘಾತವಾದ ಆರು ತಿಂಗಳೊಳಗೆ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಆದರೆ ಒಂದು ಅಪಾಯವಿದೆ. ಅನುಮತಿಗಿಂತ ಹೆಚ್ಚು ಜನರನ್ನು ತುಂಬಿದ್ದರೆ, ವಿಮಾ ಕಂಪನಿಯ ಹೊಣೆ ಅನುಮತಿ ಇದ್ದಷ್ಟು ಜನರಿಗೆ ಮಾತ್ರ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ. ಕಿತ್ತೂರು, ರಾಮದುರ್ಗ ಕಡೆಯಿಂದ ಟಂಟಂನಲ್ಲಿ ಜೋತುಬಿದ್ದು ಬರುವ ಗೆಳೆಯರು ಇದನ್ನು ಇನ್ನೊಮ್ಮೆ ಓದಬೇಕು.

ನಮ್ಮ ಮನೆಯವರಿಗೆ ತಿಳಿಯದ ಇನ್ನೊಂದು ವಿಷಯವಿತ್ತು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಅದಕ್ಕೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಬೇಕಾದರೆ ಅಲ್ಲಿಂದ ಶಿಫಾರಸು ಪತ್ರ ಪಡೆಯಬೇಕು. ನಾವು ನೇರವಾಗಿ ಖಾಸಗಿ ಆಸ್ಪತ್ರೆಗೆ ಓಡಿದೆವು. ಇನ್ನು ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 18ರಿಂದ 70 ವಯಸ್ಸಿನವರಿಗೆ ಮಾತ್ರ. ನನಗೇ ಇನ್ನೂ ಅದು ಸಿಗುವುದಿಲ್ಲ, ತಮ್ಮನ ಮಾತು ದೂರ. ಹಾಗಾಗಿ ಮಕ್ಕಳಿಗೆ ಶಾಲೆಯ ವಿಮೆ ಬಹಳ ಮುಖ್ಯ.

ಪೆಟ್ಟಾದಾಗ ಮಾಡಬೇಕಾದದ್ದು ಇಷ್ಟು. ಮೊದಲು ಚಿಕಿತ್ಸೆ. ಎಲ್ಲಿ, ಹೇಗೆ ಪೆಟ್ಟಾಯಿತು ಎಂಬುದನ್ನು ಆಸ್ಪತ್ರೆಯ ಚೀಟಿಯಲ್ಲಿ ಬರೆಸಬೇಕು. ಶಾಲೆಗೆ ಅದೇ ವಾರ ಲಿಖಿತವಾಗಿ ತಿಳಿಸಿ, ಪ್ರತಿಯ ಮೇಲೆ ಸಹಿ ಪಡೆಯಬೇಕು. ಜಾಗದ ಫೋಟೋ ತೆಗೆಯಬೇಕು. ಬಿಲ್, ಎಕ್ಸ್‌ರೇ, ರಸೀದಿಗಳ ಮೂಲ ಪ್ರತಿ ಇಟ್ಟುಕೊಳ್ಳಬೇಕು. ಪಾಲಿಸಿಯ ಪ್ರತಿ ಕೇಳಬೇಕು. ವಿಮಾ ಕಂಪನಿಗೆ ತಡವಾಗಿ ತಿಳಿಸಿದರೆ ಹಣ ನಿಲ್ಲಬಹುದು.

ಜನವರಿಯಲ್ಲಿ ನಾನೇ ಅಬ್ಬಾನನ್ನು ಒತ್ತಾಯಿಸಿ ಶಾಲೆಗೆ ಕರೆದುಕೊಂಡು ಹೋದೆ. ದೂರು ಕೊಡಲು ಅಲ್ಲ, ಪಾಲಿಸಿ ನೋಡಲು. ಮುಖ್ಯ ಗುರುಗಳೂ ಅದನ್ನು ಪೂರ್ತಿ ಓದಿರಲಿಲ್ಲ. ಮೂವರೂ ಕೂತು ಓದಿದೆವು. ಅದರಲ್ಲಿ ಸಾವು ಮತ್ತು ಶಾಶ್ವತ ಅಂಗವೈಕಲ್ಯ ಮಾತ್ರ ಇತ್ತು, ವೈದ್ಯಕೀಯ ವೆಚ್ಚ ಇರಲಿಲ್ಲ. ನಮಗೆ ಒಂದು ರೂಪಾಯಿಯೂ ಸಿಗಲಿಲ್ಲ. ಕೋರ್ಟಿಗೆ ಹೋಗಲು ಅಬ್ಬಾ ಒಪ್ಪಲಿಲ್ಲ, ಅದು ಅವರ ತೀರ್ಮಾನ.

ನಮ್ಮ ಮನೆಯಲ್ಲಿ ಅಮಾನತ್ ಎಂಬ ಮಾತಿದೆ. ಒಬ್ಬರು ನಂಬಿ ಒಪ್ಪಿಸಿದ ವಸ್ತುವನ್ನು ಹಾಗೆಯೇ ಮರಳಿಸುವ ಜವಾಬ್ದಾರಿ ಅದು. ಬೆಳಿಗ್ಗೆ ಗೇಟಿನೊಳಗೆ ಬಿಟ್ಟ ಮಗುವೂ ಅಮಾನತ್. ಅದರ ಬಗ್ಗೆ ಕೇಳಿದರೆ ಗುರುಗಳಿಗೆ ಅಗೌರವವಾಗುವುದಿಲ್ಲ ಎಂದು ನಾನು ಅಬ್ಬಾಗೆ ಹೇಳಿದೆ. ಅವರು ಏನೂ ಹೇಳಲಿಲ್ಲ. ಆದರೆ ಈ ಜೂನಿನ ಪಾಲಕರ ಸಭೆಯಲ್ಲಿ, ವಿಮೆಗೆ ವೈದ್ಯಕೀಯ ವೆಚ್ಚವನ್ನೂ ಸೇರಿಸಿ ಎಂದು ಎದ್ದು ನಿಂತು ಕೇಳಿದವರು ಅವರೇ. ಶಾಲೆ ಒಪ್ಪಿ ಸೇರಿಸಿತು. ನಿಮ್ಮ ತಮ್ಮ, ತಂಗಿಯರ ರಸೀದಿಯನ್ನೂ ಇಂದು ಸಂಜೆ ಒಮ್ಮೆ ತೆಗೆದು ನೋಡಿ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ