ಬರಿಗೈ ದಾಳಿಯ ಬೆಲೆ

ಚಾಮರಾಜನಗರದಿಂದ ತೆರಕಣಾಂಬಿಯ ಮಾರ್ಗವಾಗಿ ಗುಂಡ್ಲುಪೇಟೆಗೆ ಹೋಗುವ ರಸ್ತೆಯ ಇಕ್ಕೆಲಗಳ ಹಳ್ಳಿಗಳಲ್ಲಿ, ಸುಗ್ಗಿ ಮುಗಿದು ಹೊಲಗಳು ಬರಿದಾದ ಮೇಲೆ, ಕಬಡ್ಡಿಯ ಕಾಲ ಬರುತ್ತದೆ. ಹೆಂಟೆ ಒಡೆದು, ನೀರು ಚಿಮುಕಿಸಿ, ನೆಲವನ್ನು ಹದಮಾಡಿ ಸುಣ್ಣದ ಪುಡಿಯಿಂದ ಗೆರೆಗಳನ್ನೆಳೆಯುತ್ತಾರೆ. ಕಂಬ ನೆಟ್ಟು ದೀಪ ಕಟ್ಟುತ್ತಾರೆ. ಕತ್ತಲಾಗುವುದರೊಳಗೆ ಸುತ್ತಲೂ ಜನ ನೆರೆಯುತ್ತಾರೆ. ಗಡಿಯಾಚೆಯ ತಮಿಳು ಸೀಮೆಯಲ್ಲಿ ಸಡುಗುಡು ಎನ್ನಿಸಿಕೊಳ್ಳುವ ಈ ಆಟಕ್ಕೆ ಇಲ್ಲಿ ಆಟಗಾರರಷ್ಟೇ ವಿಮರ್ಶಕರೂ ಉಂಟು. ಅಂಕಣದ ಒಳಗೆ ಏಳೇಳು ಮಂದಿ ಆಡುತ್ತಿದ್ದರೆ, ಹೊರಗೆ ನಿಂತ ನೂರಾರು ಮಂದಿ ತಮ್ಮ ಮನಸ್ಸಿನಲ್ಲಿಯೇ ಅದೇ ಆಟವನ್ನು ಇನ್ನೊಮ್ಮೆ ಆಡುತ್ತಿರುತ್ತಾರೆ.

ಇಂತಹ ಪಂದ್ಯವೊಂದರಲ್ಲಿ ಆಗ ತಾನೆ ಮೀಸೆ ಮೂಡುತ್ತಿರುವ ಹುಡುಗನೊಬ್ಬ ಊರ ತಂಡದ ಪರವಾಗಿ ದಾಳಿಗೆ ಇಳಿದನೆನ್ನಿ. ಮೊದಲನೆಯ ದಾಳಿಯಲ್ಲಿ ಒಬ್ಬನನ್ನು ಮುಟ್ಟಿ, ಮಿಂಚಿನಂತೆ ಮಧ್ಯರೇಖೆಗೆ ಮರಳಿದರೆ ಸಾಕು, “ಹೊಡೀತು ಕಣ್ಲಾ ಹುಲಿ!” ಎಂಬ ಕೂಗು ಮುಗಿಲು ಮುಟ್ಟುತ್ತದೆ. ಮುಂದಿನ ಎರಡು ದಾಳಿಗಳಲ್ಲಿ ಬರಿಗೈಯಲ್ಲಿ ಬಂದನೋ, ಅದೇ ಬಾಯಿಗಳು, “ಇವನಿಗೆ ಎದೆ ಸಾಲದು, ಕೂರ್ಸು ಆಚೆಗೆ” ಎನ್ನುತ್ತವೆ. ಐದು ನಿಮಿಷಗಳ ಅವಧಿಯಲ್ಲಿ ಹುಡುಗ ಹುಲಿಯೂ ಆದ, ಇಲಿಯೂ ಆದ. ಆದರೆ ಅವನು ನಿಜವಾಗಿ ಏನು ಮಾಡಿದ? ಅದನ್ನು ಕಂಡವರು ಎಷ್ಟು ಮಂದಿ?

ಪ್ರೇಕ್ಷಕರಲ್ಲಿ ಸ್ಥೂಲವಾಗಿ ಮೂರು ಬಗೆ. ಒಂದನೆಯವರು ಅಂಕವನ್ನು ಎಣಿಸುವವರು. ಅವರ ಕಣ್ಣು ತೀರ್ಪುಗಾರನ ಕೈಯ ಮೇಲೆ. ಎರಡನೆಯವರು ಚಮತ್ಕಾರಪ್ರಿಯರು, ಎದುರಾಳಿಯ ತಲೆಯ ಮೇಲಿಂದ ನೆಗೆದು ಬಂದರೆ ಸೋತರೂ ಅವರಿಗೆ ಸಂತೋಷವೇ. ಮೂರನೆಯವರು ಬಹು ಕಡಿಮೆ ಮಂದಿ. ಒಂದು ಕಾಲದಲ್ಲಿ ತಾವೇ ಆಡಿ, ಮೊಣಕಾಲು ಮುರಿದುಕೊಂಡು, ಈಗ ಹೆಗಲ ಮೇಲೆ ಟವೆಲು ಹಾಕಿಕೊಂಡು ಗೆರೆಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿರುವವರು ಅವರು. ಅವರ ದೃಷ್ಟಿ ಹುಡುಗನ ಕೈಯ ಮೇಲಲ್ಲ, ಪಾದದ ಮೇಲೆ. ಯಾವ ಕಾಲು ಮುಂದಿಟ್ಟ, ಮೈಭಾರವನ್ನು ಯಾವ ಕಾಲಿನ ಮೇಲೆ ಹೊತ್ತ, ಮೂಲೆಯವನು ಒಂದು ಹೆಜ್ಜೆ ಮುಂದೆ ಬಂದಾಗ ಅದನ್ನು ಗಮನಿಸಿದನೋ ಇಲ್ಲವೋ, ಇವೇ ಅವರ ಪ್ರಶ್ನೆಗಳು.

ಈ ಪ್ರಶ್ನೆಗಳ ಬೆಲೆಯನ್ನು ತಿಳಿಯಬೇಕಾದರೆ ಅಂಕಣದ ಲೆಕ್ಕವನ್ನು ಸ್ವಲ್ಪ ನೋಡಬೇಕು. ಪುರುಷರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ ಒಂದು ತಂಡದ ಪಾಲಿಗೆ ಬರುವುದು ಆರೂವರೆ ಮೀಟರ್ ಆಳದ ನೆಲ. ಮಧ್ಯರೇಖೆಯಿಂದ 3.75 ಮೀಟರ್ ದೂರದಲ್ಲಿ ಬಾಕ್ ಗೆರೆ. ಯಾರನ್ನೂ ಮುಟ್ಟದೆ ಹಿಂದಿರುಗುವುದಾದರೂ ಇದನ್ನು ದಾಟಿಯೇ ಬರಬೇಕು. ಅಲ್ಲಿಂದ ಒಂದು ಮೀಟರ್ ಮುಂದೆ ಬೋನಸ್ ಗೆರೆ. ಎದುರಿಗೆ ಆರು ಅಥವಾ ಏಳು ಮಂದಿ ಇದ್ದಾಗ ಅದನ್ನು ದಾಟಿದವನಿಗೆ ಒಂದು ಅಂಕ. ಇಷ್ಟಕ್ಕೆಲ್ಲ ಇರುವ ಕಾಲ 30 ಸೆಕೆಂಡು, ಅದೂ ಒಂದೇ ಉಸಿರಿನಲ್ಲಿ. ಸಿಕ್ಕಿಬಿದ್ದರೆ ಹೋಗುವುದು ಒಂದು ಅಂಕ ಮಾತ್ರವಲ್ಲ; ತನ್ನವರು ಎದುರಾಳಿಯೊಬ್ಬನನ್ನು ಔಟ್ ಮಾಡಿ ತನ್ನನ್ನು ಎಬ್ಬಿಸುವವರೆಗೆ ದಾಳಿಗಾರ ಹೊರಗೆ ಕುಳಿತಿರಬೇಕು. ತಂಡದ ಮುಖ್ಯ ದಾಳಿಗಾರನೇ ಹೊರಗೆ ಕುಳಿತರೆ ಒಳಗಿನ ಆರು ಮಂದಿಯ ಪಾಡೇನು?

ಆದ್ದರಿಂದ ಬರಿಗೈ ದಾಳಿ ಎಂದರೆ ವ್ಯರ್ಥವಾದ ದಾಳಿ ಎಂದು ತಿಳಿಯುವುದು ತಪ್ಪು. ಎರಡು ಅಂಕ ಮುಂದಿರುವಾಗ ಪಂದ್ಯದ ಕಡೆಯ ನಿಮಿಷದಲ್ಲಿ ಅರ್ಧ ನಿಮಿಷವನ್ನು ಸವೆಸಿ ಸುರಕ್ಷಿತವಾಗಿ ಮರಳುವುದೇ ಒಂದು ಗಳಿಕೆ. ಪಂದ್ಯದ ಆರಂಭದಲ್ಲಾದರೆ, ಯಾರು ಆತುರಗಾರ, ಯಾರು ಕಾದು ಹಿಡಿಯುವವನು, ಯಾವ ಕೈಗಳ ಸರಪಳಿ ಸಡಿಲ ಎಂಬುದನ್ನು ಅರಿತು ಬರುವುದೇ ಲಾಭ. 2014ರಲ್ಲಿ ಪ್ರೊ ಕಬಡ್ಡಿ ಪಂದ್ಯಾವಳಿ ಆರಂಭವಾದ ಮೇಲೆ ಟೆಲಿವಿಷನ್ನಿನ ಮೂಲಕ ಹಳ್ಳಿಯವರಿಗೂ ಪರಿಚಿತವಾದ ನಿಯಮವೊಂದಿದೆ. ಎರಡು ದಾಳಿಗಳು ಸತತವಾಗಿ ಬರಿದಾದರೆ ಮೂರನೆಯದರಲ್ಲಿ ಅಂಕ ಗಳಿಸಲೇಬೇಕು. ಇಲ್ಲವಾದರೆ ದಾಳಿಗಾರ ಔಟ್. ಮೊದಲ ಎರಡರಲ್ಲಿ ಕಲಿತದ್ದನ್ನು ಮೂರನೆಯದರಲ್ಲಿ ಪ್ರಯೋಗಿಸಬಲ್ಲವನೇ ಬೆಳೆಯುವ ದಾಳಿಗಾರ.

ಪ್ರೇಕ್ಷಕರ ಅವಸರದ ತೀರ್ಪು ಎಷ್ಟು ತಪ್ಪಾಗಬಲ್ಲದೆಂಬುದಕ್ಕೆ ಬೆಂಗಳೂರು ಬುಲ್ಸ್ ತಂಡದಲ್ಲಿ ಹೆಸರು ಮಾಡಿದ ಪವನ್ ಸೆಹ್ರಾವತ್ ಅವರ ಕಥೆ ಒಳ್ಳೆಯ ನಿದರ್ಶನ. ದೆಹಲಿಯ ಕಡೆಯ ಈ ತರುಣ 2016ರಲ್ಲಿ ಬುಲ್ಸ್ ತಂಡಕ್ಕೆ ಬಂದಾಗ ವೇಗವಿತ್ತು, ನೆಗೆತವಿತ್ತು, ಹೆಸರಿರಲಿಲ್ಲ. 2017ರಲ್ಲಿ ಗುಜರಾತ್ ತಂಡಕ್ಕೆ ಹೋದಾಗ ಅವರಿಗೆ ದೊರೆತ ಅವಕಾಶಗಳೇ ಕಡಿಮೆ. ಆ ವರ್ಷದ ಅಂಕಗಳನ್ನು ಮಾತ್ರ ನೋಡಿದ್ದವರು, “ಇವನಿಂದ ಆಗುವುದಿಲ್ಲ” ಎಂದು ಬರೆದುಬಿಡಬಹುದಾಗಿತ್ತು.

2018ರಲ್ಲಿ ಅವರು ಮತ್ತೆ ಬುಲ್ಸ್ ತಂಡಕ್ಕೆ ಮರಳಿದರು. ನಾಯಕ ರೋಹಿತ್ ಕುಮಾರ್ ಅವರೂ ದಾಳಿಗಾರರೇ. ಆದರೂ ಆ ಋತುವಿನಲ್ಲಿ ದಾಳಿಯ ಮುಖ್ಯ ಭಾರ ಪವನರ ಹೆಗಲಿಗೆ ಬಿತ್ತು. ದಾಳಿಯಿಂದಲೇ ಅವರು ಗಳಿಸಿದ ಅಂಕಗಳು 271. 2019ರ ಜನವರಿ 5ರಂದು ಮುಂಬಯಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಎದುರಾಳಿ ಬೇರೆ ಯಾರೂ ಅಲ್ಲ, ಅದೇ ಗುಜರಾತ್. ಮೊದಲರ್ಧದಲ್ಲಿ ಹಿಂದೆ ಬಿದ್ದಿದ್ದ ಬುಲ್ಸ್ 38–33ರಿಂದ ಗೆದ್ದಿತು. ಆ 38ರಲ್ಲಿ 22 ಅಂಕಗಳು ಪವನರವು. ಅದೇ ವರ್ಷದ ಅಕ್ಟೋಬರಿನಲ್ಲಿ ಹರಿಯಾಣದ ತಂಡದ ವಿರುದ್ಧ ಒಂದೇ ಪಂದ್ಯದಲ್ಲಿ ದಾಳಿಯಿಂದ 39 ಅಂಕಗಳನ್ನು ಗಳಿಸಿದರು. ಸತತ ಮೂರು ಋತುಗಳಲ್ಲಿ ದಾಳಿಯ ಅಂಕಗಳಲ್ಲಿ ಅವರೇ ಅಗ್ರಸ್ಥಾನದಲ್ಲಿದ್ದರು. ಆ ನೆಗೆತ, ಆ ಓಟದ ನಡುವಿನ ಕೈಮುಟ್ಟು ಮೊದಲಿನಿಂದಲೂ ಅವರಲ್ಲಿದ್ದುವು. ಯಾವಾಗ ನೆಗೆಯಬೇಕು, ಯಾವಾಗ ನೆಗೆಯಬಾರದು ಎಂಬ ವಿವೇಕಕ್ಕೆ ಮಾತ್ರ ಕಾಲ ಬೇಕಾಯಿತು. ಜೊತೆಗೆ ನಂಬಿ ಕಳುಹಿಸುವ ತಂಡವೊಂದು ಬೇಕಾಯಿತು.

ಇದು ನಮ್ಮ ಆಟಕ್ಕೆ ಮಾತ್ರ ಸೀಮಿತವಾದ ಸತ್ಯವಲ್ಲ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ 1895ರಲ್ಲಿ ಬೇರೆಯಾಗಿ ಹುಟ್ಟಿ, ಆಸ್ಟ್ರೇಲಿಯದಲ್ಲಿ ಬಹು ಜನಪ್ರಿಯವಾದ ರಗ್ಬಿ ಲೀಗ್ ಎಂಬ ಆಟದಲ್ಲಿ ಹಾಫ್‌ಬ್ಯಾಕ್ ಎಂಬ ಸ್ಥಾನವಿದೆ. ಸಾಮಾನ್ಯವಾಗಿ 7ನೆಯ ಸಂಖ್ಯೆಯ ಅಂಗಿ ತೊಡುವವನು. ಆರು ಬಾರಿ ಹಿಡಿಸಿಕೊಳ್ಳುವುದರೊಳಗೆ ತಂಡ ಚೆಂಡನ್ನು ಗುರಿ ಮುಟ್ಟಿಸಬೇಕು. ಇಲ್ಲವೆ ಎದುರಾಳಿಗೆ ಬಿಟ್ಟುಕೊಡಬೇಕು. ಆ ಆರು ಸಲದಲ್ಲಿ ತಾನೇ ಓಡಬೇಕೇ, ಸಂಗಾತಿಗೆ ದಾಟಿಸಬೇಕೇ, ಒದೆಯಬೇಕೇ ಎಂಬುದನ್ನು ಹೆಚ್ಚಾಗಿ ನಿರ್ಧರಿಸುವವನು ಈ ಹಾಫ್‌ಬ್ಯಾಕ್. ಎಳೆಯ ಹಾಫ್‌ಬ್ಯಾಕ್ ಒಬ್ಬ ಬಂದರೆ ಅಲ್ಲಿನ ಅಭಿಮಾನಿಗಳು ಮಾಡುವ ಚರ್ಚೆಯೂ ಇಂಥದೇ: ಕಾಲು ಚುರುಕು, ಸರಿ, ಆಟವನ್ನು ಓದುವ ಕಣ್ಣು ಬಂದಿದೆಯೇ? ಸಾಗರದಾಚೆಯ ಆ ಮೈದಾನಕ್ಕೂ ತೆರಕಣಾಂಬಿಯ ಕಡೆಯ ಕೆಮ್ಮಣ್ಣಿನ ಅಂಕಣಕ್ಕೂ ಈ ಒಂದು ಪ್ರಶ್ನೆಯಲ್ಲಿ ಭೇದವಿಲ್ಲ.

ಆದರೆ ಇಲ್ಲಿಯ ಹುಡುಗನ ಪಾಲಿಗೆ ಈ ವಿಮರ್ಶೆ ಬರಿಯ ಮಾತಲ್ಲ. ಜಿಲ್ಲೆಯ ತಂಡ, ವಿಶ್ವವಿದ್ಯಾನಿಲಯದ ತಂಡ, ಅಲ್ಲಿಂದ ಮುಂದೆ ಕ್ರೀಡಾಪಟುಗಳಿಗೆಂದು ರೈಲ್ವೆ ಮೊದಲಾದ ಇಲಾಖೆಗಳು ಮೀಸಲಿಡುವ ಕೆಲಸ, ಹೀಗೆ ಮೆಟ್ಟಿಲುಗಳಿವೆ. ಪವನ್ ಕೂಡ ರೈಲ್ವೆ ತಂಡಕ್ಕೆ ಆಡಿದವರೇ. ಅಂಗೈಯಗಲ ಭೂಮಿಯ ಮನೆಯ ಹುಡುಗನಿಗೆ ಅದು ಪದಕಕ್ಕಿಂತಲೂ ದೊಡ್ಡದು. ನೆರೆದವರ ಕೂಗಿಗೆ ಮರುಳಾಗಿ, “ಇವರ ಬಾಯಿ ಮುಚ್ಚಿಸುತ್ತೇನೆ” ಎಂದು ನುಗ್ಗಿದವನು ನಾಲ್ವರ ಅಡಿಯಲ್ಲಿ ಸಿಕ್ಕಿ ಮೊಣಕಾಲು ಕಳೆದುಕೊಂಡರೆ, ಆ ಮೆಟ್ಟಿಲು ಅಲ್ಲಿಗೇ ಮುಗಿಯಬಹುದು. ಪವನರಂತಹವರೇ 2022ರಲ್ಲಿ, ತಮಿಳ್ ತಲೈವಾಸ್ ತಂಡದ ಮೊದಲ ಪಂದ್ಯದಲ್ಲಿ ಮೊಣಕಾಲಿಗೆ ಪೆಟ್ಟಾಗಿ ಇಡೀ ಋತು ಹೊರಗುಳಿಯಬೇಕಾಯಿತು. ಅವರಿಗೆ ಚಿಕಿತ್ಸೆಯೂ ವಿಶ್ರಾಂತಿಯೂ ದೊರೆತುವು. 2023ರ ಅಕ್ಟೋಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ನಾಯಕರಾಗಿ ಚಿನ್ನ ಗೆದ್ದರು. ಹಳ್ಳಿಯ ಹುಡುಗನಿಗೆ ಆ ಎರಡನೆಯ ಅವಕಾಶವನ್ನು ಕೊಡುವವರು ಯಾರು?

ಪ್ರೇಕ್ಷಕನು ಕೂಗಬಾರದೆಂದಲ್ಲ. ಕೂಗಿಲ್ಲದ ಕಬಡ್ಡಿಗೆ ಕಳೆಯಿಲ್ಲ. ಕೂಗುವ ಮೊದಲು ಒಮ್ಮೆ ಪಾದಗಳನ್ನು ನೋಡಿದರೆ ಸಾಕು.

ಇತ್ತ ನಮ್ಮ ಹುಡುಗ ಮತ್ತೊಮ್ಮೆ ದಾಳಿಗೆ ಹೋಗಿ, ಬಾಕ್ ಗೆರೆ ದಾಟಿ, ಎಡ ಮೂಲೆಯವನನ್ನು ಎರಡು ಬಾರಿ ಕೆಣಕಿ, ಅವನು ಮೇಲೆ ಬೀಳುವಷ್ಟರಲ್ಲಿ ಹಿಂದೆ ಸರಿದು, ಬರಿಗೈಯಲ್ಲಿಯೇ ಮರಳಿದನೆನ್ನಿ. ಗುಂಪಿನಲ್ಲಿ ಯಾರೋ ಸಿಳ್ಳೆ ಹಾಕಿ ನಗುತ್ತಾರೆ. ಗೆರೆಯ ಪಕ್ಕದಲ್ಲಿ ಕುಳಿತ ಹಳೆಯ ಆಟಗಾರ ಮಾತ್ರ ಟವೆಲನ್ನು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಬದಲಿಸುತ್ತ ಹೇಳುತ್ತಾನೆ:

“ಒಸಿ ತಡ್ಕೊಳ್ಳಿ. ಅವನು ಬರಿಗೈಲಿ ಬಂದಿಲ್ಲ ಕಣ್ರಪ್ಪಾ, ನೋಡ್ಕಂಡು ಬಂದವ್ನೆ.”