ಕೊಬ್ಬರಿಗೆ ಟೆಂಡರ್ ಉಂಟು, ಹಳೇ ಲ್ಯಾಪ್‌ಟಾಪಿಗೆ ಯಾರುಂಟು?

ಚಿಕ್ಕನಾಯಕನಹಳ್ಳಿ: ತಿಪಟೂರಿನ ಕೃಷಿ ಮಾರುಕಟ್ಟೆಯಲ್ಲಿ ಕೊಬ್ಬರಿ ಕ್ವಿಂಟಾಲಿಗೆ ಎಷ್ಟಕ್ಕೆ ನಿಂತಿತು ಎಂಬ ಸುದ್ದಿ ಟೆಂಡರ್ ಮುಗಿಯುವಷ್ಟರಲ್ಲಿ ಹುಳಿಯಾರಿನ ಟೀ ಅಂಗಡಿಗೂ ಬಂದಿರುತ್ತದೆ, ತುರುವೇಕೆರೆ ಬಸ್ಸಿನೊಳಗೂ ಹತ್ತಿರುತ್ತದೆ. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಕುಲುಕಿ ಒಳಗೆ ಗಿಟುಕು ಆಡುತ್ತಿದೆಯೋ ಇಲ್ಲವೋ ಎಂದು ಹೇಳುವ ಜನ ನಾವು. ದಲ್ಲಾಳಿ ಹೇಳಿದ ರೇಟು ಒಪ್ಪಿಗೆಯಾಗದಿದ್ದರೆ ಚೀಲ ಬಿಚ್ಚದೆ ವಾಪಸ್ ತರುವ ಗಟ್ಟಿಗರೂ ಹೌದು.

ಇಂಥ ಗಟ್ಟಿಗರೇ ಮಗನ ಹಳೇ ಲ್ಯಾಪ್‌ಟಾಪನ್ನು ಬ್ಯಾಗಿಗೆ ಹಾಕಿಕೊಂಡು ಅಂಗಡಿ ಮೆಟ್ಟಿಲು ಹತ್ತಿದ ಕೂಡಲೇ ಮೆತ್ತಗಾಗುವುದನ್ನು ನೋಡಬೇಕು. “ಎಷ್ಟು ಕೊಡ್ತೀರೋ ನೀವೇ ಹೇಳಿ ಸ್ವಾಮಿ” ಎಂದುಬಿಡುತ್ತಾರೆ. ಅಲ್ಲಿಗೆ ವ್ಯಾಪಾರ ಮುಗಿದ ಹಾಗೆಯೇ ಲೆಕ್ಕ. ಅಂಗಡಿಯವರು ಐದು ಸಾವಿರ ಎಂದರೆ ಐದು, ಮೂರು ಎಂದರೆ ಮೂರು. ಇದಕ್ಕೆ ಮಂಡಿ ಇಲ್ಲ, ಟೆಂಡರ್ ಇಲ್ಲ, ಬೆಂಬಲ ಬೆಲೆಯಂತೂ ಇಲ್ಲವೇ ಇಲ್ಲ. 2024ರಲ್ಲಿ ಪೇಟೆ ಧಾರಣೆ ನೆಲ ಕಚ್ಚಿದಾಗ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆಗಾಗಿ ನಾಫೆಡ್ ಕೇಂದ್ರದ ಮುಂದೆ ರಾತ್ರಿಯೆಲ್ಲಾ ಸರದಿ ನಿಂತವರು ನಮ್ಮಲ್ಲಿದ್ದಾರೆ. ಲ್ಯಾಪ್‌ಟಾಪಿಗೆ ಯಾವ ನಾಫೆಡ್ಡೂ ಬರುವುದಿಲ್ಲ. ಮಾರುವವರು ತಮ್ಮ ತಕ್ಕಡಿಯನ್ನು ತಾವೇ ಹೊತ್ತುಕೊಂಡು ಹೋಗಬೇಕು.

ಈ ಮಾತು ಈಗ ಯಾಕೆ ಬಂತು ಅಂತೀರಾ? ಮನೆಮನೆಯಲ್ಲಿ ಇಂಥದ್ದೊಂದು ಪೆಟ್ಟಿಗೆ ಕೂತಿದೆ. 2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡು ಪಾಠವೆಲ್ಲಾ ಪರದೆ ಮೇಲೆ ಬಂದಾಗ ಸಾಲ ಸೋಲ ಮಾಡಿ ಲ್ಯಾಪ್‌ಟಾಪು ತಂದವರು ಎಷ್ಟೋ ಮಂದಿ. ಮಕ್ಕಳು ಡಿಗ್ರಿ ಮುಗಿಸಿ ಬೆಂಗಳೂರು ಸೇರಿದರು, ಕಂಪನಿಯವರೇ ಬೇರೆ ಮೆಷಿನ್ನು ಕೊಟ್ಟರು. ಹಳೆಯದು ಟ್ರಂಕಿನ ಮೇಲೆ ಧೂಳು ಕುಡಿಯುತ್ತಿದೆ. ಇದರ ಜೊತೆಗೆ ಇನ್ನೊಂದು ಪೆಟ್ಟು ಬಿತ್ತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯವರು ಕೊಡುತ್ತಿದ್ದ ಮಾಮೂಲು ರಕ್ಷಣೆ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮೆಷಿನ್ನೇನೂ ಅವತ್ತೇ ಕಣ್ಣು ಮುಚ್ಚಲಿಲ್ಲ, ಓಡುತ್ತಲೇ ಇದೆ. ಆದರೆ ಕೊಳ್ಳುವವನ ಬಾಯಿಗೆ ಒಂದು ನೆಪ ಸಿಕ್ಕಿತು: “ಇದು ಹಳೇ ಕಾಲದ್ದು, ಹನ್ನೊಂದು ಹಾಕೋಕೆ ಬರಲ್ಲ.”

ಬರುತ್ತದೋ ಇಲ್ಲವೋ ಎಂಬುದನ್ನು ಅವನ ಬಾಯಿಂದಲೇ ಕೇಳಬೇಕಾಗಿಲ್ಲ. ದನ ಕೊಳ್ಳುವಾಗ ಹಲ್ಲು ಹಿಡಿದು ನೋಡುತ್ತೇವಲ್ಲ, ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಎಂದು? ಲ್ಯಾಪ್‌ಟಾಪಿಗೂ ಹಲ್ಲು ಉಂಟು. ಸೆಟ್ಟಿಂಗ್ಸಿನೊಳಗೆ ‘ಅಬೌಟ್’ ಎಂಬಲ್ಲಿ ಒತ್ತಿದರೆ ಪ್ರೊಸೆಸರಿನ ಹೆಸರು ಕಾಣುತ್ತದೆ. ಇಂಟೆಲ್‌ನದಾದರೆ ಐ-3, ಐ-5 ಎಂದು ಇರುತ್ತದೆ. ಎಲ್ಲರೂ ಅಷ್ಟಕ್ಕೇ ನಿಲ್ಲುತ್ತಾರೆ, “ನಂದು ಐ-5 ಕಣ್ರೀ” ಎಂದು ಎದೆಯುಬ್ಬಿಸುತ್ತಾರೆ. ವಯಸ್ಸು ಇರುವುದು ಅದರ ಮುಂದಿನ ಅಂಕಿಯಲ್ಲಿ. 8250 ಎಂದಿದ್ದರೆ ಎಂಟನೇ ತಲೆಮಾರು, 7200 ಎಂದಿದ್ದರೆ ಏಳನೆಯದು, 1135 ಎಂದಿದ್ದರೆ ಹನ್ನೊಂದು. 2017ರಲ್ಲಿ ಬಂದ ಎಂಟನೆಯದರಿಂದ ಈಚಿನವಕ್ಕೆ ವಿಂಡೋಸ್ 11ರ ಅಧಿಕೃತ ಒಪ್ಪಿಗೆ ಉಂಟು, ಅದಕ್ಕಿಂತ ಹಿಂದಿನವಕ್ಕೆ ಬಹುಪಾಲು ಇಲ್ಲ. ಈ ಒಂದು ಅಂಕಿ ಗೊತ್ತಿದ್ದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಬ್ಯಾಟರಿಗೂ ಹಾಗೆಯೇ ಒಂದು ಪರೀಕ್ಷೆ ಇದೆ. ಓದಿದ ಹುಡುಗ ಯಾರಾದರೂ ಹತ್ತಿರವಿದ್ದರೆ ‘ಬ್ಯಾಟರಿ ರಿಪೋರ್ಟ್’ ತೆಗೆದುಕೊಡು ಎನ್ನಿ, ಎರಡು ನಿಮಿಷದ ಕೆಲಸ. ಹೊಸದಿದ್ದಾಗ ಎಷ್ಟು ಹಿಡಿಯುತ್ತಿತ್ತು, ಈಗೆಷ್ಟು ಹಿಡಿಯುತ್ತದೆ ಎಂದು ಅದೇ ಬರೆದುಕೊಡುತ್ತದೆ. ಅರ್ಧಕ್ಕಿಂತ ಕಡಿಮೆಯಾಗಿದ್ದರೆ ಕೊಳ್ಳುವವನು ಬ್ಯಾಟರಿ ಖರ್ಚು ಕಳೆಯುವುದು ನ್ಯಾಯವೇ. ಚೆನ್ನಾಗಿದ್ದರೆ ಕಳೆಯಲು ಬಿಡಬೇಡಿ.

ಇನ್ನು ರ‍್ಯಾಮ್ ವಿಚಾರ. ಇದು ಸ್ವಲ್ಪ ಸ್ವಾರಸ್ಯವಾದದ್ದು. 2025ರ ಕೊನೆಯ ತಿಂಗಳುಗಳಲ್ಲಿ ಪ್ರಪಂಚದಾದ್ಯಂತ ಈ ಮೆಮೊರಿ ಚಿಪ್ಪುಗಳ ಬೆಲೆ ದಿಢೀರನೆ ಏರಿತು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಯಂತ್ರಾಗಾರಗಳು ಚಿಪ್ಪನ್ನೆಲ್ಲಾ ಬಾಚಿಕೊಂಡದ್ದೇ ಮುಖ್ಯ ಕಾರಣ. ಅಮೆರಿಕದಲ್ಲಿ ಯಾರೋ ಯಂತ್ರಕ್ಕೆ ಬುದ್ಧಿ ಕಲಿಸಿದರೆ ನೆಹರು ಸರ್ಕಲ್ಲಿನಲ್ಲಿ ಹಳೇ ಸಾಮಾನಿಗೆ ಬೆಲೆ ಬರುತ್ತದೆ, ಕಾಲ ಹೀಗಿದೆ! ನಿಮ್ಮ ಮೆಷಿನ್ನಿನಲ್ಲಿ ಎಂಟು ಜಿಬಿ ರ‍್ಯಾಮ್ ಇದ್ದರೆ, ಪರದೆ ಒಡೆದಿದ್ದರೂ ಕೀಲಿಮಣೆ ಕೆಟ್ಟಿದ್ದರೂ ಬರಿಯ ಗುಜರಿ ಎಂದು ಒಪ್ಪಿಕೊಳ್ಳಬೇಡಿ. ಒಳಗಿನ ಬಿಡಿಭಾಗಕ್ಕೇ ಗಿರಾಕಿ ಇದ್ದಾನೆ. “ರಿಪೇರಿಗೆ ಬಿಟ್ಟು ಹೋಗಿ, ನಾಳೆ ರೇಟು ಹೇಳ್ತೀನಿ” ಎಂದರೆ ಬಿಟ್ಟು ಬರಬೇಡಿ. ಎಲ್ಲರೂ ಹಾಗೆ ಅಂತಲ್ಲ. ಆದರೆ ಎಂಟು ಒಳಗಿದ್ದದ್ದು ಮರುದಿನ ನಾಲ್ಕಾಗಿದ್ದರೆ ಯಾರನ್ನು ಕೇಳುತ್ತೀರಿ?

ರೇಟು ತಿಳಿಯಲು ಒಂದೇ ಅಂಗಡಿಗೆ ಹೋಗುವುದು ತಪ್ಪು. ಇಲ್ಲಿ ಒಂದು ಕಡೆ ಕೇಳಿ, ತಿಪಟೂರಿನಲ್ಲಿ ಇನ್ನೊಂದು ಕಡೆ ಕೇಳಿ. ಹಳೇ ಫೋನು, ಲ್ಯಾಪ್‌ಟಾಪು ಕೊಳ್ಳುವ ಕಂಪನಿಗಳು ಫೋನಿನಲ್ಲೇ ಅಂದಾಜು ಹೇಳುತ್ತವೆ, ಅವರಿಗೆ ಕೊಡದಿದ್ದರೂ ಆ ಅಂಕಿ ನಿಮ್ಮ ಕೈಯಲ್ಲಿ ಒಂದು ತೂಕದ ಬಟ್ಟು. ಬೆಂಗಳೂರಿನ ಎಸ್.ಪಿ. ರಸ್ತೆಗೇ, ಅಂದರೆ ಸಾದರ ಪತ್ರಪ್ಪ ರಸ್ತೆಗೇ ಹೋಗುತ್ತೇನೆ ಎನ್ನುವವರೂ ಇದ್ದಾರೆ. ಹೋಗಿ, ಬೇಡ ಎನ್ನುವುದಿಲ್ಲ. ಆದರೆ ಅಲ್ಲಿ ಕಂಪನಿಗಳು ಬಿಟ್ಟ ಮೆಷಿನ್ನುಗಳು ಲಾಟುಗಟ್ಟಲೆ ಬಂದು ಬೀಳುತ್ತವೆ, ನಿಮ್ಮ ಒಂದಕ್ಕೆ ಯಾರೂ ಎದ್ದು ನಿಲ್ಲುವುದಿಲ್ಲ. ಬಸ್ ಚಾರ್ಜು, ಊಟ, ಒಂದು ದಿನದ ಕೂಲಿ ಕಳೆದು ನೋಡಿದರೆ ಊರಲ್ಲೇ ಕಾಲೇಜು ಹುಡುಗನೊಬ್ಬನಿಗೆ ಮಾರುವುದೇ ವಾಸಿ. ಅಂಗಡಿಯವರು ಲಾಭ ಇಟ್ಟುಕೊಂಡೇ ಕೊಳ್ಳಬೇಕು, ಹುಡುಗನಿಗೆ ಆ ಹಂಗಿಲ್ಲ. ಇಬ್ಬರಿಗೂ ಸಾವಿರವೋ ಎರಡು ಸಾವಿರವೋ ಉಳಿಯುತ್ತದೆ.

ಬೆಲೆಯ ಮಾತು ಇಷ್ಟಾಯಿತು. ಬೆಲೆಗಿಂತ ದೊಡ್ಡದು ಇನ್ನೊಂದಿದೆ. ಹೆಚ್ಚಿನವರು ಅದನ್ನು ಪುಕ್ಕಟೆಯಾಗಿ ಕೊಟ್ಟು ಬರುತ್ತಾರೆ.

ಆ ಪೆಟ್ಟಿಗೆಯೊಳಗೆ ಏನೇನಿದೆ, ಒಮ್ಮೆ ನೆನಪು ಮಾಡಿಕೊಳ್ಳಿ. ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕುವಾಗ ಸ್ಕ್ಯಾನ್ ಮಾಡಿಸಿದ ಆಧಾರ್, ಜಾತಿ ಆದಾಯ ಪತ್ರ, ಅಪ್ಪನ ಬ್ಯಾಂಕ್ ಪಾಸ್‌ಪುಸ್ತಕದ ಮೊದಲ ಪುಟ, ತೋಟದ ಪಹಣಿ, ಕೊಬ್ಬರಿ ಖರೀದಿ ನೋಂದಣಿಗೆ ಬೇಕೆಂದು ಇಟ್ಟ ಫ್ರೂಟ್ಸ್ ಐಡಿ, ಅಕ್ಕನ ಮದುವೆಯ ಫೋಟೋ, ಎಲ್ಲಾ ಅಲ್ಲೇ. ಇಮೇಲು ತೆರೆದೇ ಇರುತ್ತದೆ, ಪಾಸ್‌ವರ್ಡನ್ನು ಮೆಷಿನ್ನೇ ನೆನಪಿಟ್ಟುಕೊಂಡಿರುತ್ತದೆ. ಹೊಸಬ ಮುಚ್ಚಳ ತೆಗೆದರೆ ನಿಮ್ಮ ಮನೆ ಬಾಗಿಲು ತೆಗೆದ ಹಾಗೆ.

“ಎಲ್ಲಾ ಡಿಲೀಟ್ ಮಾಡಿದೀನಿ ಬಿಡ್ರಿ” ಎನ್ನುವ ಹುಡುಗರಿಗೆ ಒಂದು ಮಾತು. ಹಳೇ ಹಾರ್ಡ್ ಡಿಸ್ಕಿನಲ್ಲಿ ಡಿಲೀಟ್ ಎಂದರೆ ಪುಸ್ತಕದ ಪರಿವಿಡಿ ಹರಿದ ಹಾಗೆ. ಪುಟಗಳು ಒಳಗೇ ಇರುತ್ತವೆ, ಹುಡುಕುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಮಾಡಬೇಕಾದದ್ದು ಇಷ್ಟು: ಬೇಕಾದ ಫೋಟೋ, ಕಾಗದಗಳನ್ನು ಮೊದಲು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಆಮೇಲೆ ಸೆಟ್ಟಿಂಗ್ಸಿನ ರಿಕವರಿಯಲ್ಲಿ ‘ರೀಸೆಟ್ ದಿಸ್ ಪಿಸಿ’ ಒತ್ತಿ, ‘ರಿಮೂವ್ ಎವ್ರಿಥಿಂಗ್’ ಆರಿಸಿ. ಅದರೊಳಗೆ ಸೆಟ್ಟಿಂಗ್ ಬದಲಿಸುವ ಕಡೆ ‘ಕ್ಲೀನ್ ಡೇಟಾ’ ಎಂದಿರುತ್ತದೆ, ಅದಕ್ಕೆ ಎಸ್ ಎನ್ನಿ. ಅದನ್ನು ಬಿಟ್ಟರೆ ಗುಡಿಸಿದ್ದು ಅಂಗಳ ಮಾತ್ರ, ಮನೆಯೊಳಗೆ ಕಸ ಹಾಗೇ ಇರುತ್ತದೆ. ಇದು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಚಾರ್ಜರ್ ಹಾಕಿಯೇ ಮಾಡಿ, ನಮ್ಮ ಕಡೆ ಕರೆಂಟಿನ ವಿಷಯ ನಿಮಗೇ ಗೊತ್ತು. ಕೊಳ್ಳುವವನು “ಅದೆಲ್ಲಾ ನಾವೇ ಮಾಡ್ಕೋತೀವಿ ಬಿಡಿ” ಎಂದರೆ ನಯವಾಗಿ ಬೇಡವೆನ್ನಿ. ಮೆಷಿನ್ನು ಪೂರ್ತಿ ಸತ್ತಿದ್ದು ಆನ್ ಆಗುವುದೇ ಇಲ್ಲವೆಂದರೆ ಡಿಸ್ಕನ್ನು ಬಿಚ್ಚಿಸಿ ಮನೆಯಲ್ಲಿಟ್ಟುಕೊಂಡು ಮಿಕ್ಕದ್ದನ್ನು ಕೊಡಿ. ಐನೂರು ಕಡಿಮೆ ಬರಲಿ.

ಅಂಗಡಿಯವರಿಗೂ ಇಲ್ಲಿ ಕುತ್ತಿಗೆಗೆ ಬರುವ ಒಂದು ವಿಷಯ ಉಂಟು. ಒಂದು ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು. 1980ರ ದಶಕದಲ್ಲಿ ಅದು ರದ್ದಾಯಿತು, ಪೀಡೆ ತೊಲಗಿತು ಎಂದು ಜನ ಖುಷಿಪಟ್ಟರು. ಆದರೆ ಆ ಪುಟ್ಟ ಪುಸ್ತಕ ಇದ್ದದ್ದರಿಂದ ರೇಡಿಯೋ ಯಾರದು ಎಂಬುದಕ್ಕೆ ಒಂದು ಗುರುತು ಇತ್ತು. ಮೊಬೈಲಿಗೆ ಈಗಲೂ ಐಎಂಇಐ ನಂಬರ್ ಇದೆ, ಕಳುವಾದರೆ ಸರ್ಕಾರದ ಸಿಇಐಆರ್ ವ್ಯವಸ್ಥೆಯಲ್ಲಿ ತಡೆ ಹಾಕಿಸಬಹುದು. 2023ರ ಮೇ ತಿಂಗಳಿಂದ ಅದು ದೇಶದೆಲ್ಲೆಡೆ ಬಂದಿದೆ. ಲ್ಯಾಪ್‌ಟಾಪಿಗೆ ಅಂಥದ್ದಿಲ್ಲ. ಹೊಟ್ಟೆಯ ಕೆಳಗೆ ಸಣ್ಣ ಅಕ್ಷರದ ಸೀರಿಯಲ್ ನಂಬರ್ ಬಿಟ್ಟರೆ ಗುರುತೇ ಇಲ್ಲ.

ಹಾಗಾಗಿ ಹಾಸ್ಟೆಲಿನಲ್ಲಿ, ಬಸ್ಸಿನಲ್ಲಿ ಕಳುವಾದದ್ದು ಊರು ದಾಟಿದ ಮೇಲೆ ಸುಲಭವಾಗಿ ಕೈ ಬದಲಾಗುತ್ತದೆ. ಕಳವಿನ ಮಾಲು ಎಂದು ಗೊತ್ತಿದ್ದೋ, ಗೊತ್ತಾಗುವಂಥ ಕಾರಣವಿದ್ದೋ ಕೊಂಡವರಿಗೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಸಜೆ ಇದೆ. 2024ರ ಜುಲೈ 1ರವರೆಗೆ ಇದೇ ಮಾತು ದಂಡ ಸಂಹಿತೆಯ 411ರಲ್ಲಿತ್ತು. ಚಾರ್ಜರಿಲ್ಲ, ಬಿಲ್ಲಿಲ್ಲ, ಪಾಸ್‌ವರ್ಡ್ ಮರೆತಿದೆ, ಅರ್ಜೆಂಟ್ ದುಡ್ಡು ಬೇಕು ಎಂದು ಅಪರಿಚಿತನೊಬ್ಬ ಬಂದು ನಿಂತರೆ, ಅಗ್ಗ ಸಿಕ್ಕಿತೆಂದು ಹಿಗ್ಗಬಾರದು. ಸರ್ಕಾರ 2020ರಲ್ಲಿ ಪ್ರಥಮ ದರ್ಜೆ ಕಾಲೇಜಿನ ಮಕ್ಕಳಿಗೆ ಪುಕ್ಕಟೆ ಹಂಚಿದಂಥ ಮೆಷಿನ್ನು ಬಂದರೂ ಯಾರ ಹೆಸರಿಗೆ ಕೊಟ್ಟದ್ದು ಎಂದು ಕೇಳಿಕೊಳ್ಳುವುದು ಕ್ಷೇಮ. ಒಂದು ನೋಟ್‌ಬುಕ್ ಇಡಿ: ಮಾರಿದವರ ಹೆಸರು, ಊರು, ಗುರುತಿನ ಚೀಟಿಯ ನಕಲು, ಸೀರಿಯಲ್ ನಂಬರ್, ತಾರೀಖು, ಕೊಟ್ಟ ಹಣ, ರುಜು. ಮಾರುವವರೂ ಅದೇ ವಿವರದ ಒಂದು ಚೀಟಿ ಬರೆಸಿಕೊಳ್ಳಬೇಕು. ಐದು ಸಾವಿರ ದಾಟಿದ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಅಂಟಿಸಬೇಕು. ನಾಳೆ ಆ ಮೆಷಿನ್ನಿನಿಂದ ಯಾರೋ ಯಾರಿಗೋ ಟೋಪಿ ಹಾಕಿದರೆ, ಇಂಥ ದಿನ ಇಂಥವರಿಗೆ ಮಾರಿದೆ ಎಂದು ತೋರಿಸಲು ನಿಮ್ಮ ಕೈಯಲ್ಲಿ ಇರುವುದು ಆ ಚೀಟಿಯೊಂದೇ.

ಕಡೆಗೆ ದುಡ್ಡು. ನಗದು ಎಂದ ಮೇಲೆ ನಗದೇ. “ಅರ್ಧ ಈಗ, ಅರ್ಧ ಸಂಬಳ ಬಂದ ಮೇಲೆ” ಎಂಬ ನೆಂಟರ ಮಾತಿಗೆ ಒಪ್ಪಿದವರಿಗೆ ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಎಂಬ ಗಾದೆಯನ್ನು ನಾವು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಅಪರಿಚಿತರಾದರೆ ಹಗಲು ಹೊತ್ತಿನಲ್ಲಿ, ಜನವಿರುವ ಕಡೆ, ಸಾಧ್ಯವಾದರೆ ಬ್ಯಾಂಕಿನೊಳಗೇ ಎಣಿಸಿಕೊಳ್ಳಿ. ಐನೂರರ ನೋಟನ್ನು ಓರೆ ಮಾಡಿದರೆ ನಡುವಿನ ಎಳೆ ಹಸಿರಿನಿಂದ ನೀಲಿಗೆ ತಿರುಗಬೇಕು. ಎರಡು ಸಾವಿರದ ನೋಟು ಯಾರಾದರೂ ಈಗಲೂ ಚಾಚಿದರೆ ನಕ್ಕು ವಾಪಸ್ ಕೊಡಿ, ರಿಸರ್ವ್ ಬ್ಯಾಂಕು 2023ರ ಮೇ 19ರಂದೇ ಅದನ್ನು ಹಿಂದಕ್ಕೆ ಪಡೆಯುವುದಾಗಿ ಹೇಳಿದೆ.

ಇನ್ನು ಕೆಲವರು ಮುಖವನ್ನೇ ತೋರಿಸುವುದಿಲ್ಲ. ಜಾಹೀರಾತು ನೋಡಿ ಫೋನು ಮಾಡುತ್ತಾರೆ, ಹಿಂದಿಯಲ್ಲಿ ಮಿಲಿಟರಿಯವನು ಎನ್ನುತ್ತಾರೆ, ಚೌಕಾಸಿಯನ್ನೇ ಮಾಡುವುದಿಲ್ಲ. ಹೇಳಿದ ರೇಟಿಗೆ ಒಪ್ಪುತ್ತಾರೆ. ಚೌಕಾಸಿ ಮಾಡದ ಗಿರಾಕಿಯನ್ನು ನಮ್ಮ ಸಂತೆಯಲ್ಲಿ ಎಲ್ಲಾದರೂ ಕಂಡಿದ್ದೀರಾ? “ಕ್ಯೂಆರ್ ಕಳಿಸಿದೀನಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರುತ್ತೆ” ಎನ್ನುತ್ತಾರೆ. ಹಣ ಬರುವುದಕ್ಕೆ ಪಿನ್ ಬೇಕಾಗಿಯೇ ಇಲ್ಲ, ಪಿನ್ ಬೇಕಾಗುವುದು ಹಣ ಹೋಗುವುದಕ್ಕೆ. ಒತ್ತಿಬಿಟ್ಟಿದ್ದರೆ ಅಳುತ್ತಾ ಕೂರದೆ ಆ ಕ್ಷಣವೇ 1930ಕ್ಕೆ ಫೋನು ಮಾಡಿ. ಬೇಗ ಹೇಳಿದಷ್ಟೂ ಹಣ ಅಲ್ಲೇ ತಡೆದು ನಿಲ್ಲಿಸುವ ಸಾಧ್ಯತೆ ಹೆಚ್ಚು.

ಬ್ಯಾಟರಿ ಊದಿಕೊಂಡು ಮೆಷಿನ್ನಿನ ಬೆನ್ನು ಉಬ್ಬಿದ್ದರೆ ಮಾತ್ರ ಈ ವ್ಯಾಪಾರವೆಲ್ಲಾ ಆಮೇಲೆ. ಅದನ್ನು ಚಾರ್ಜಿಗೆ ಹಾಕಬೇಡಿ, ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತಿಪಟೂರಿಗೆ ಹೊರಡಬೇಡಿ, ಬೆಂಕಿ ಹತ್ತೀತು. ಮೊದಲು ಊರಿನ ರಿಪೇರಿಯವರಿಂದ ಬ್ಯಾಟರಿ ತೆಗೆಸಿ. ಮಿಕ್ಕದ್ದನ್ನು ಚಾರ್ಜರ್ ಸಮೇತ ಮಾರಬಹುದು, ಚಾರ್ಜರ್ ಇಲ್ಲದ್ದಕ್ಕೆ ಎಲ್ಲರೂ ಕಡಿಮೆ ಕೇಳುತ್ತಾರೆ. ಬ್ಯಾಗು ಕೊಡಬೇಕೆಂದೇನೂ ಇಲ್ಲ.